ಸೊನ್ನಲಿಗೆಯಲ್ಲಿ ನಾಲ್ಕು ತಾಸು

ಗಾಡಿ ಬದಲಿಸುವ ನಿಲ್ದಾಣಗಳಿಗೆ ಒಂದು ದುರ್ದೈವವಿದೆ. ಅವುಗಳ ಹೆಸರು ಎಲ್ಲರಿಗೂ ಗೊತ್ತು; ಅವುಗಳ ಊರು ಯಾರಿಗೂ ಗೊತ್ತಿಲ್ಲ. ಪ್ರಯಾಣಿಕನಿಗೆ ಅಲ್ಲಿಯ ಚಹದ ರುಚಿ ನೆನಪಿರುತ್ತದೆ, ಸೊಳ್ಳೆಗಳ ಕಾಟ ನೆನಪಿರುತ್ತದೆ, ಹೊತ್ತಿಗೆ ಸರಿಯಾಗಿ ಬಾರದ ಗಾಡಿಯ ಮೇಲಿನ ಸಿಟ್ಟೂ ನೆನಪಿರುತ್ತದೆ. ನಿಲ್ದಾಣದ ಬಾಗಿಲಾಚೆಗೆ ಮಾತ್ರ ಅವನ ನೆನಪು ಹಾಯುವುದಿಲ್ಲ.

ಸೊಲ್ಲಾಪುರ ಅಂಥ ಊರುಗಳಲ್ಲೊಂದು. ಮುಂಬಯಿಯ ಕಡೆಯಿಂದ ರೈಲು ಇಲ್ಲಿಗೆ ಬಂದದ್ದು 1860ರಲ್ಲಿ. 1871ರಲ್ಲಿ ಅದೇ ಹಾದಿ ರಾಯಚೂರಿನಲ್ಲಿ ಮದ್ರಾಸಿನ ಹಾದಿಯೊಡನೆ ಕೂಡಿತು. 1884ರಲ್ಲಿ ಗದಗಿನಿಂದ ವಿಜಾಪುರದ ಮೇಲೆ ಹಾಯ್ದು ಸಮೀಪದ ಹೊಟಗಿಗೆ ಮೀಟರ್ ಗೇಜಿನ ಹಳಿ ಬಂದಿತು. ಅಲ್ಲಿಂದೀಚೆಗೆ ಉತ್ತರ ಕರ್ನಾಟಕದ ಎಷ್ಟೋ ತಲೆಮಾರುಗಳು ಪುಣೆಗೆ, ಮುಂಬಯಿಗೆ, ಪಂಢರಪುರಕ್ಕೆ ಹೋಗುವಾಗ ಗಂಟುಮೂಟೆಗಳ ಮೇಲೆ ಕುಳಿತು ಈ ನಿಲ್ದಾಣದಲ್ಲಿ ಕಾದಿವೆ.

ದೀಪಾವಳಿಯ ಸೂಟಿಯ ಒಂದು ಮುಂಜಾನೆ ಪುಣೆಯ ಗಾಡಿಯಿಂದ ಇಲ್ಲಿ ಇಳಿದ ಮೂವರಲ್ಲಿ ಹಿರಿಯರು ಹಾಗೆ ಕಾದು ಕಾದು ಮುದುಕರಾದವರೇ. ಜೊತೆಗಿದ್ದವರು ಅವರ ಮೊಮ್ಮಕ್ಕಳು: ಹನ್ನೆರಡು ವರ್ಷದ ಹುಡುಗಿ, ಎಂಟು ವರ್ಷದ ಹುಡುಗ. ಇಬ್ಬರೂ ಪುಣೆಯಲ್ಲೇ ಹುಟ್ಟಿ ಬೆಳೆದವರು. ಶಾಲೆಗೆ ಇಂಗ್ಲಿಷು, ಓಣಿಗೆ ಮರಾಠಿ. ಕನ್ನಡವೆಂದರೆ ಅಜ್ಜನ ಮನೆಯ ಹಿತ್ತಲಲ್ಲಿ ಮಾತ್ರ ಬೆಳೆಯುವ ಒಂದು ಗಿಡವೆಂದು ಅವರ ಭಾವನೆ. ವಿಜಯಪುರದ ಗಾಡಿಗೆ ಇನ್ನೂ ನಾಲ್ಕು ತಾಸಿತ್ತು.

“ಅಜ್ಜಾ, ಇಲ್ಲೇ ಕುಂಡ್ರೂದೇನು?” ಎಂದ ಹುಡುಗ.

“ಯಾಕ ಕುಂಡ್ರಬೇಕು? ನಡೀರಿ, ನಿನ್ನಷ್ಟೇ ಇದ್ದ ಒಬ್ಬ ಹುಡುಗನ ಊರು ನೋಡಿ ಬರೂಣು.”

ಸಾಮಾನೆಂದರೆ ಎರಡು ಚೀಲ, ಒಂದು ಬುತ್ತಿಯ ಡಬ್ಬಿ. ಹೊರಗೆ ರಿಕ್ಷಾ ಸಿಕ್ಕಿತು. ಚಾಲಕ ಮಕ್ಕಳೊಡನೆ ಮರಾಠಿಯಲ್ಲಿ ಮಾತನಾಡಿದ. ನಡುವೆ ಮನೆಯಿಂದ ಫೋನು ಬಂದಾಗ ತೆಲುಗಿನಲ್ಲಿ ಉತ್ತರ ಕೊಟ್ಟ. ಇದರಲ್ಲಿ ಸೊಲ್ಲಾಪುರದ ಅರ್ಧ ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಲ್ಲಿ ಬಟ್ಟೆಯ ಗಿರಣಿಗಳು ಎದ್ದವು. ತೆಲಂಗಾಣದ ಪದ್ಮಶಾಲಿ ನೇಕಾರರು ಮಗ್ಗವನ್ನು ನಂಬಿ ಬಂದು ನೆಲೆಸಿದರು. ಮನೆಮನೆಯ ಹಾಸಿಗೆಯ ಮೇಲೆ ಇರುತ್ತಿದ್ದ ಸೊಲ್ಲಾಪುರದ ಚಾದರು ಅಂಥ ಕೈಗಳ ಕಸುಬು. ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಇಲ್ಲಿಯ ಪೇಟೆಯಲ್ಲಿ ಒಂದರ ಹೆಗಲಿಗೊಂದು ತಾಗಿಕೊಂಡು ನಡೆಯುತ್ತವೆ.

ದಾರಿಯಲ್ಲಿ ನಾಲ್ವರು ಹುತಾತ್ಮರ ಪುತ್ಥಳಿಗಳಿರುವ ಚೌಕ. ರಿಕ್ಷಾವನ್ನು ಒಂದು ನಿಮಿಷ ನಿಲ್ಲಿಸಿ, ಅಜ್ಜ ಹುಡುಗಿಗೆ ಅವರ ಹೆಸರುಗಳನ್ನು ಹೇಳಿದರು: ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕೃಷ್ಣ ಸಾರಡಾ, ಕುರ್ಬಾನ್ ಹುಸೇನ್. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನವಾದಾಗ ಈ ಗಿರಣಿಯ ಊರು ಕೆರಳಿ ಎದ್ದಿತು. ಸರ್ಕಾರ ಲಷ್ಕರಿ ಕಾಯಿದೆಯನ್ನು ಸಾರಿತು. 1931ರ ಜನವರಿ 12ರಂದು ಈ ನಾಲ್ವರನ್ನು ಯರವಡೆಯ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಹುಡುಗಿ ಹೆಸರುಗಳನ್ನು ತನ್ನಷ್ಟಕ್ಕೆ ಇನ್ನೊಮ್ಮೆ ಹೇಳಿಕೊಂಡಳು. ಯರವಡೆ ಅವಳ ಊರಿನದೇ. ಆ ಹೆಸರಿನ ಬಸ್ಸನ್ನು ಅವಳು ದಿನವೂ ನೋಡುತ್ತಾಳೆ.

ಅಲ್ಲಿಂದ ಮುಂದೆ ಕೋಟೆಯ ಗೋಡೆಗಳು. ಬಹಮನಿಯರ ಕಾಲದಿಂದ ಈ ಕೋಟೆಗಾಗಿ ದಕ್ಷಿಣದ ಸುಲ್ತಾನರು ಎಷ್ಟು ಸಲ ಕಾದಾಡಿದರೆಂಬುದಕ್ಕೆ ಲೆಕ್ಕವಿಲ್ಲ. ಅಹಮದನಗರದ ಚಾಂದಬೀಬಿ ವಿಜಾಪುರದ ಅಲಿ ಆದಿಲಶಾಹನನ್ನು ವರಿಸಿದಾಗ ಇದು ಬಳುವಳಿಯಾಗಿ ಬಂದಿತು. 1818ರಲ್ಲಿ ಪೇಶ್ವೆಯ ಕಡೆಯವರಿಂದ ಇದನ್ನು ಗೆದ್ದವನು ಥಾಮಸ್ ಮನ್ರೋ. ಒಳಹೊಕ್ಕು ನೋಡಲು ಹೊತ್ತು ಸಾಲದು. ಆದರೆ ಗೋಡೆಯ ಬದಿಗೆ ತಿರುಗಿದೊಡನೆ ಕಣ್ಣೆದುರು ನೀರು ತೆರೆದುಕೊಂಡಿತು. ನೀರಿನ ನಡುವೆ ಗುಡಿ, ಗುಡಿಗೆ ಹೋಗಲು ಕಾಲುದಾರಿ. ಅದೇ ಸಿದ್ಧರಾಮನ ಕೆರೆ.

ಹಾದಿಯ ಬದಿಯ ಹೂವಿನ ಮುದುಕಿ ಹುಡುಗಿಯನ್ನು ಮರಾಠಿಯಲ್ಲಿ ಕರೆದಳು. ಅಜ್ಜ ಮೊಮ್ಮಗಳಿಗೆ ಏನೋ ಹೇಳಿದ್ದು ಕಿವಿಗೆ ಬಿದ್ದದ್ದೇ ತಡ, ಅವಳ ಮಾತು ಮಗ್ಗುಲಾಯಿತು.

“ಯಾವೂರ್ರೀ ನಿಮ್ಮದು?”

“ವಿಜಾಪುರದ ಕಡೆ, ಅವ್ವಾ.”

“ಹಂಗಾದ್ರ ನಮ್ಮವರ ಬಿಡ್ರಿ. ತಗೋ ಯವ್ವಾ, ಸಿದ್ಧರಾಮಗ ಈ ಹೂವ ಏರಸು.”

ಹುಡುಗಿ ಬೆರಗಾಗಿ ಅಜ್ಜನ ಮುಖ ನೋಡಿದಳು. “ಅಜ್ಜಾ, ಇವರಿಗೂ ನಮ್ಮ ಭಾಷೆ ಬರತದ!”

“ಅವರಿಗೂ ಅಲ್ಲ, ತಂಗೀ. ಮೊದಲು ಅವರಿಗೆ ಬಂತು. ಆಮ್ಯಾಲೆ ನಮಗ,” ಎಂದು ಅಜ್ಜ ನಕ್ಕರು.

ಈ ಮಾತು ಬರಿಯ ವಿನೋದವಲ್ಲ. ಹನ್ನೆರಡನೆಯ ಶತಮಾನದಲ್ಲಿ ಈ ಊರು ಸೊನ್ನಲಿಗೆ. ‘ಕಪಿಲಸಿದ್ಧ ಮಲ್ಲಿಕಾರ್ಜುನ’ ಎಂಬ ಅಂಕಿತದಲ್ಲಿ ಸಿದ್ಧರಾಮ ವಚನಗಳನ್ನು ನುಡಿದದ್ದು ಕನ್ನಡದಲ್ಲಿ. ಅವನ ಚರಿತೆಯನ್ನು ಕಾವ್ಯವಾಗಿಸಿದ ರಾಘವಾಂಕ ಹಂಪೆಯವನು. 1956ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾದಾಗ ಸೊಲ್ಲಾಪುರ ಮುಂಬಯಿ ರಾಜ್ಯದಲ್ಲೇ ಉಳಿಯಿತು. 1960ರಿಂದ ಅದು ಮಹಾರಾಷ್ಟ್ರ. ಗಡಿಯ ಗೆರೆ ನೆಲದ ಮೇಲೆ ಹಾಯಿತು; ಹೂವಿನ ಬುಟ್ಟಿಯ ಮೇಲೆ ಹಾಯಲಿಲ್ಲ.

ದರ್ಶನ ಮುಗಿಸಿ, ಆವರಣದಲ್ಲಿರುವ ಸಿದ್ಧರಾಮನ ಸಮಾಧಿಗೆ ನಮಸ್ಕರಿಸಿ, ಮೂವರೂ ನೀರಿನ ಬದಿಗೆ ಬಂದು ಕುಳಿತರು. ಬುತ್ತಿಯ ಡಬ್ಬಿಯನ್ನು ಬಿಚ್ಚಿದರೆ ಒಳಗೆ ಮೊಸರನ್ನ. ಅಜ್ಜನಿಗೆ ಕತೆ ಹೇಳಲು ಅದಕ್ಕಿಂತ ತಕ್ಕ ನೆಪ ಬೇಕಿರಲಿಲ್ಲ.

ಸಿದ್ಧರಾಮ ಬಾಲಕನಾಗಿ ದನ ಕಾಯುತ್ತಿದ್ದಾಗ ಒಬ್ಬ ಜಂಗಮ ಹೊಲಕ್ಕೆ ಬಂದ. ಹೆಸರು ಮಲ್ಲಯ್ಯ, ಊರು ಶ್ರೀಶೈಲ. ಹಸಿವೆಯೆಂದ. ಹುಡುಗ ತೆನೆ ಕೊಟ್ಟ. ಮೊಸರನ್ನ ಬೇಕೆಂದ. ಹುಡುಗ ಮನೆಗೆ ಓಡಿದ. ತಾಯಿ ಸುಗ್ಗವ್ವೆ ಕಲಸಿಕೊಟ್ಟ ಬುತ್ತಿಯನ್ನು ಹೊತ್ತು ಮರಳುವಷ್ಟರಲ್ಲಿ ಅತಿಥಿ ಅಲ್ಲಿರಲಿಲ್ಲ. ಮಲ್ಲಯ್ಯಾ ಎಂದು ಕೂಗುತ್ತ, ಅಳುತ್ತ, ಹುಡುಗ ಶ್ರೀಶೈಲದವರೆಗೆ ಹೋದ. ಅಲ್ಲಿ ಕೊಳ್ಳದ ಅಂಚಿನಲ್ಲಿ ನಿಂತು ಪ್ರಾಣ ಬಿಡಲು ಹೊರಟಾಗ ಮಲ್ಲಿಕಾರ್ಜುನ ಕೈಹಿಡಿದ. ನಿನ್ನ ಊರಿಗೇ ಮರಳು, ಅದನ್ನೇ ಶ್ರೀಶೈಲವಾಗಿ ಮಾಡು ಎಂದ. ಮರಳಿ ಬಂದವನು ಗುಡಿ ಕಟ್ಟಿಸಿದ, ಊರ ಸುತ್ತ ಅರವತ್ತೆಂಟು ಲಿಂಗಗಳನ್ನು ನಿಲ್ಲಿಸಿದ, ಕೆರೆ ತೋಡಿಸಿದ. ದಾರಿಹೋಕನೊಬ್ಬ ಹಸಿದು ಹೋದನೆಂಬ ದುಃಖ ಬಾಯಾರಿದವರಿಗೆಲ್ಲ ನೀರಾಯಿತು. ಮುಂದೆ ಅಲ್ಲಮಪ್ರಭು ಬಂದು, ಕೆರೆ ತೋಡುವುದರಲ್ಲೇ ಮೈಮರೆತವನನ್ನು ‘ಒಡ್ಡ’ನೆಂದು ಕೆಣಕಿ, ಕಲ್ಯಾಣಕ್ಕೆ ಕರೆದೊಯ್ದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಕಲ್ಯಾಣದ ಅರಿವು ದೊಡ್ಡದು. ಆದರೂ ಊರು ಅವನ ಕೆರೆಯನ್ನು ಮರೆತಿಲ್ಲ. ಈಗಲೂ ಪ್ರತಿ ಸಂಕ್ರಾಂತಿಗೆ ಏಳು ನಂದಿಧ್ವಜಗಳು ಮೆರವಣಿಗೆಯಲ್ಲಿ ಹೊರಡುತ್ತವೆ. ಸಿದ್ಧರಾಮನನ್ನೇ ವರಿಸುವೆನೆಂದ ಕುಂಬಾರರ ಕನ್ಯೆಗೆ ಅವನ ಯೋಗದಂಡದೊಡನೆ ನಡೆದ ಮದುವೆಯ ನೆನಪು ಆ ಗಡ್ಡೆಯ ಜಾತ್ರೆ.

ಹುಡುಗ ಡಬ್ಬಿಯ ಮುಚ್ಚಳದಲ್ಲಿ ಒಂದು ತುತ್ತನ್ನು ತೆಗೆದಿಟ್ಟು ಕಾವಲು ಕುಳಿತ. “ಮಲ್ಲಯ್ಯ ಬಂದ್ರ?” ಎಂಬುದು ಅವನ ವಾದ.

ಅಕ್ಕ ನಗಲು ಹೋದವಳು ಅಜ್ಜನ ಮುಖ ಕಂಡು ಸುಮ್ಮನಾದಳು. ಅಜ್ಜ ನೀರನ್ನು ನೋಡುತ್ತಿದ್ದರು.

ಅವರೂ ಎಂಟು ವರ್ಷದವರಿದ್ದಾಗ ತಾಯಿತಂದೆಯರೊಡನೆ ಪಂಢರಪುರಕ್ಕೆ ಹೊರಟು ಸೊಲ್ಲಾಪುರದಲ್ಲಿ ಇಳಿದಿದ್ದರು. ಸಿದ್ಧರಾಮನ ಗುಡಿಗೆ ಹೋಗಿ ಬರೋಣವೆಂದು ತಾಯಿ ಕೇಳಿದಳು. ಗಾಡಿ ತಪ್ಪೀತೆಂಬ ಭಯದಿಂದ ತಂದೆ, ಬರುವಾಗ ನೋಡೋಣ ಎಂದರು. ಬರುವಾಗ ಗಾಡಿ ತಡವಾಗಿ, ಒಂದರಿಂದಿಳಿದು ಇನ್ನೊಂದಕ್ಕೆ ಓಡಬೇಕಾಯಿತು. ಆಮೇಲೂ ಎಷ್ಟೋ ಸಲ ಈ ನಿಲ್ದಾಣ ಬಂದಿತು. ತಾಯಿ ಪ್ರತಿ ಸಲವೂ ಪ್ಲಾಟ್‌ಫಾರಮ್ಮಿನಲ್ಲಿಯೇ ಊರಿನ ಕಡೆಗೆ ತಿರುಗಿ ಕೈಮುಗಿಯುತ್ತಿದ್ದಳು. ಗುಡಿಯಿದ್ದುದು ಆ ದಿಕ್ಕಿನಲ್ಲಿಯೇ ಎಂಬುದೂ ಅವಳಿಗೆ ತಿಳಿದಿರಲಿಲ್ಲ. ಕೈಮುಗಿಯುತ್ತಲೇ ಅವಳ ಆಯುಷ್ಯ ಮುಗಿಯಿತು. ದೊಡ್ಡವನಾದ ಮಗನಿಗೂ ಎಂದೂ ಪುರಸೊತ್ತಾಗಲಿಲ್ಲ.

ಇದನ್ನು ಅವರು ಮಕ್ಕಳಿಗೆ ನಾಲ್ಕೇ ಮಾತಿನಲ್ಲಿ ಹೇಳಿದರು. ಹುಡುಗಿ ಏನೂ ಅನ್ನಲಿಲ್ಲ. ಎದ್ದುಹೋಗಿ ಮುದುಕಿಯ ಬಳಿ ಇನ್ನೊಂದು ಹಿಡಿ ಹೂವನ್ನು ಕನ್ನಡದಲ್ಲಿಯೇ ಕೇಳಿ ಕೊಂಡು ತಂದಳು. “ಇದು ನಿಮ್ಮವ್ವನ ಹೆಸರಲೆ,” ಎಂದಳು. ಮೂವರೂ ಮತ್ತೊಮ್ಮೆ ಗುಡಿಯೊಳಗೆ ಹೋಗಿಬಂದರು. ಹುಡುಗನ ತುತ್ತನ್ನು ಅಷ್ಟರಲ್ಲಿ ಗುಬ್ಬಿಗಳು ಮುಗಿಸಿದ್ದವು. ಅವನು ಅದಕ್ಕೆ ತೃಪ್ತನಾದನು.

ಪೇಟೆಯಲ್ಲಿ ಶೇಂಗಾ ಚಟ್ನಿಯ ಪೊಟ್ಟಣ ಕೊಂಡು ನಿಲ್ದಾಣ ಮುಟ್ಟಿದಾಗ ಗಾಡಿಗೆ ಇನ್ನೂ ಅರ್ಧ ತಾಸಿತ್ತು.

“ಅಜ್ಜಾ, ಕೋಟೆ ಉಳೀತಲ್ಲ. ಬರುವಾಗ ನೋಡೂಣೇನು?” ಎಂದು ಹುಡುಗ ಕೇಳಿದ.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂಗಿಯ ಕಿಸೆಯಿಂದ ಮರಳುವ ದಿನದ ಟಿಕೆಟನ್ನು ತೆಗೆದು ಹುಡುಗನ ಕೈಗಿತ್ತರು.

“ಇದನ್ನ ನೀನೇ ಇಟಗೋ. ಆವತ್ತು ಅಜ್ಜ ಹೊತ್ತಿಲ್ಲ ಅಂದ್ರ, ನೀನು ನಡೀ ಅನ್ನು.”