ಸೊಪ್ಪು ಸೋಸುವ ಹೊತ್ತು

ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ದಿನಪತ್ರಿಕೆಯ ಬೆನ್ನಿಗೇ ಸೊಪ್ಪು ಬರುತ್ತದೆ. “ಸೊಪ್ಪೂ... ದಂಟು, ಕೀರೆ, ಸಬ್ಸಿಗೇ, ಮೆಂತ್ಯಾ...” ಎಂದು ರಾಗ ಎಳೆಯುತ್ತಾ ತಳ್ಳುವ ಗಾಡಿ ಮೂಲೆ ತಿರುಗುವಷ್ಟರಲ್ಲಿ ಬೀದಿಯ ಗೇಟುಗಳು ಒಂದೊಂದಾಗಿ ಕಿರುಗುಟ್ಟುತ್ತವೆ. ಕೆಲವರು ಗಂಟಲಿಗೆ ರಜೆ ಕೊಟ್ಟು ಗಾಡಿಗೆ ಸ್ಪೀಕರ್ ಕಟ್ಟಿಕೊಂಡಿದ್ದಾರೆ. ನಮ್ಮ ಬೀದಿಯ ಸೊಪ್ಪಿನಕ್ಕ ಮಾತ್ರ ಇನ್ನೂ ಸ್ವಂತ ಗಂಟಲನ್ನೇ ನಂಬಿದ್ದಾರೆ. ಅವರ ವ್ಯಾಪಾರದಲ್ಲಿ ಒಂದು ಕಟ್ಟು ಸೊಪ್ಪಿಗೆ ಎರಡು ಪ್ರಶ್ನೆ ಉಚಿತ. “ಯಾಕಮ್ಮಾ, ಎರಡು ದಿನದಿಂದ ಆಚೆಗೇ ಬರ್ಲಿಲ್ಲ? ಮಂಡಿನೋವಾ, ಬೇಜಾರಾ?” ಮಂಡಿನೋವು ಎಂದರೆ ನುಗ್ಗೆಸೊಪ್ಪು ಕೊಡುತ್ತಾರೆ. ಬೇಜಾರು ಎಂದರೆ ಗಾಡಿ ಇನ್ನೈದು ನಿಮಿಷ ಅಲ್ಲೇ ನಿಲ್ಲುತ್ತದೆ.

ಈ ಬಡಾವಣೆಯ ಬೇಜಾರಿಗೆ ಅದರದೇ ಚರಿತ್ರೆಯಿದೆ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಬಂತು, 1954ರಲ್ಲಿ ಬಿಇಎಲ್ ಬಂತು. ಅಲ್ಲಿ ದುಡಿದವರು ಸಾಲ ಮಾಡಿ ಸೈಟು ಕೊಂಡು, ಮನೆ ಕಟ್ಟಿಸಿ, ಮುಂದೆ ಒಂದು ತೆಂಗು, ಹಿಂದೆ ಒಂದು ಕರಿಬೇವು ನೆಟ್ಟು ಇಲ್ಲೇ ನೆಲೆಯಾದರು. ಕಾರ್ಖಾನೆ ಅವರಿಗೆ ಸಂಬಳದ ಜೊತೆಗೆ ದಿನಚರಿಯನ್ನೂ ಕೊಟ್ಟಿತ್ತು: ಇಷ್ಟು ಗಂಟೆಗೆ ಬಸ್ಸು, ಇಷ್ಟು ಗಂಟೆಗೆ ಕ್ಯಾಂಟೀನು, ಇಷ್ಟು ಗಂಟೆಗೆ ಮನೆ. ನಿವೃತ್ತಿಯಾದ ಮೇಲೆ ಕೈಯಲ್ಲಿ ಎಚ್‌ಎಂಟಿ ಗಡಿಯಾರ ಉಳಿದಿದೆ, ಅದನ್ನು ನೋಡುವ ಕಾರಣ ಉಳಿದಿಲ್ಲ. ಮಗ ಡಲ್ಲಾಸಿನಲ್ಲಿ. ಮಗಳು ಇಲ್ಲೇ ಮಾನ್ಯತಾ ಟೆಕ್ ಪಾರ್ಕಿನಲ್ಲಿದ್ದರೂ ಹೆಬ್ಬಾಳದ ಟ್ರಾಫಿಕ್ಕು ಅವಳನ್ನು ಡಲ್ಲಾಸಿನಷ್ಟೇ ದೂರ ಇಟ್ಟಿದೆ. ಹೀಗಿರುವಾಗ ಮನಸ್ಸು ಮಂಕಾದರೂ ಯಾರೂ ಅದನ್ನು ನೇರವಾಗಿ ಹೇಳುವುದಿಲ್ಲ. “ಯಾಕೋ ಊಟ ಸೇರಲ್ಲ”, “ನಿದ್ದೆ ಹತ್ತಲ್ಲ”, “ಹೊಟ್ಟೆ ಒಂಥರಾ” ಎನ್ನುತ್ತಾರೆ. ನಮ್ಮ ಕಡೆ ಮನಸ್ಸಿನ ದೂರನ್ನು ಸಲ್ಲಿಸುವುದೇ ಹೊಟ್ಟೆಯ ಮೂಲಕ.

ಹಾಗೆಂದೇ ಇರಬೇಕು, ಸಲಹೆಗಳೂ ಹೊಟ್ಟೆಗೇ ಬರುತ್ತವೆ. ವಾಟ್ಸಾಪಿನ ‘ಶುಭೋದಯ’ದ ಕೆಳಗೆ ನೆನೆಸಿದ ಬಾದಾಮಿ, ಅಶ್ವಗಂಧ, ಹೆಸರು ಕೇಳಿಯೇ ಗೊತ್ತಿರುವ ನೀಲಿ ಹಣ್ಣು. ಮನಸ್ಸನ್ನು ಹಗುರಾಗಿಸುವ ಸೆರೊಟೋನಿನ್ ಶೇ 90ರಷ್ಟು ಹೊಟ್ಟೆಯಲ್ಲೇ ತಯಾರಾಗುತ್ತದೆ, ಆದ್ದರಿಂದ ಇದನ್ನು ತಿನ್ನಿ ಎಂಬ ಷರಾ ಬೇರೆ. ತಯಾರಾಗುವುದೇನೋ ನಿಜ. ಆದರೆ ಹೊಟ್ಟೆಯ ಸೆರೊಟೋನಿನ್‌ಗೆ ಮಿದುಳಿನ ಬಾಗಿಲು ದಾಟುವ ಪರವಾನಗಿ ಇಲ್ಲ ಎಂಬುದನ್ನು ಆ ಸಂದೇಶ ಹೇಳುವುದಿಲ್ಲ. ಇಡ್ಲಿಯ ಒಳ್ಳೆಯ ಸೂಕ್ಷ್ಮಾಣುಗಳ ಗುಣಗಾನವೂ ಆಗಾಗ ಬರುತ್ತದೆ. ಅವು ಹಬೆಯಲ್ಲೇ ಸತ್ತಿರುತ್ತವೆ. ಬದುಕಿರುವಂಥವು ಬೇಕಿದ್ದರೆ ಮನೆಯ ಮೊಸರೇ ಗತಿ. ಇಡ್ಲಿಯನ್ನು ಅದರ ಮೃದುತ್ವಕ್ಕಾಗಿ ತಿಂದರಾಯಿತು.

ಹಾಗೆಂದು ಊಟಕ್ಕೂ ಮನಸ್ಸಿಗೂ ನಂಟೇ ಇಲ್ಲವೆಂದಲ್ಲ. 2017ರಲ್ಲಿ ಆಸ್ಟ್ರೇಲಿಯಾದ ಫೆಲಿಸ್ ಜಾಕಾ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಖಿನ್ನತೆಯಿಂದ ಬಳಲುತ್ತಿದ್ದ, ಊಟವೂ ಅಷ್ಟಕ್ಕಷ್ಟೇ ಆಗಿದ್ದ 67 ಜನ. ಅರ್ಧ ಜನರಿಗೆ 12 ವಾರ ಊಟ ತಿದ್ದಿಕೊಳ್ಳಲು ಹೇಳಿಕೊಟ್ಟರು, ಉಳಿದರ್ಧ ಜನರನ್ನು ಅಷ್ಟೇ ಹೊತ್ತು ಸ್ನೇಹದಿಂದ ಮಾತಾಡಿಸಿದರು. ಊಟ ತಿದ್ದಿಕೊಂಡವರಲ್ಲಿ ಮೂವರಿಗೊಬ್ಬರು ಖಿನ್ನತೆಯಿಂದ ಹೊರಬಂದರು. ಬರೀ ಮಾತಿನ ಗುಂಪಿನಲ್ಲಿ ನೂರಕ್ಕೆ ಎಂಟು. ಅದು ಚಿಕ್ಕ ಪ್ರಯೋಗ. ಹೆಚ್ಚಿನವರಿಗೆ ಔಷಧಿಯೋ ಸಮಾಲೋಚನೆಯೋ ಮೊದಲಿಂದಲೂ ನಡೆದೇ ಇತ್ತು. ಆದರೂ ಅವರ ತಟ್ಟೆಯಲ್ಲಿದ್ದುದನ್ನು ನೋಡಿ ನನಗೆ ಬಂಧುಗಳನ್ನು ಕಂಡಂತಾಯಿತು: ಪಾಲಿಶ್ ಮಾಡದ ಧಾನ್ಯ, ಕಾಳು, ಸೊಪ್ಪು, ತರಕಾರಿ, ಹಣ್ಣು, ಮೀನು. ಆಲಿವ್ ಎಣ್ಣೆಯೊಂದನ್ನು ಪಕ್ಕಕ್ಕಿಟ್ಟರೆ ಇದು ನಮ್ಮ ಮುದ್ದೆ-ಬಸ್ಸಾರಿನ ವಂಶವೇ. ನಮ್ಮ ರಾಗಿಯ ತಳಿಗಳನ್ನು ತಿದ್ದಿ ತೀಡುವ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯ ಇರುವುದೂ ದೂರದಲ್ಲೇನಲ್ಲ, ಬಳ್ಳಾರಿ ರಸ್ತೆಯಲ್ಲಿ.

ಬಸ್ಸಾರಿನ ಹೆಚ್ಚುಗಾರಿಕೆ ಅದರ ರುಚಿಯಲ್ಲಷ್ಟೇ ಇಲ್ಲ, ಅದು ಬೇಡುವ ಹೊತ್ತಿನಲ್ಲಿದೆ. ಮೊದಲು ಸೊಪ್ಪು ಸೋಸಬೇಕು. ಎದುರು ಮನೆಯ ಯಜಮಾನರು ಬಿಇಎಲ್‌ನ ರೇಡಾರ್ ವಿಭಾಗದಲ್ಲಿ ಇಡೀ ಸರ್ವೀಸ್ ಕಳೆದವರು. ನಿವೃತ್ತಿಯ ಮೊದಲ ವರ್ಷ ಟಿ.ವಿ. ಮುಂದೆ ಕುಳಿತು ಲೋಕದ ಮೇಲೆಲ್ಲ ಸಿಡುಕುತ್ತಿದ್ದರು. ಒಂದು ದಿನ ಅವರ ಹೆಂಡತಿ ಮುಂದೆ ಮೊರ ಇಟ್ಟು ದಂಟಿನ ಸೊಪ್ಪು ಸುರಿದರು. ಈಗ ವೆರಾಂಡದಲ್ಲಿ ಕನ್ನಡಕ ಮೂಗಿನ ತುದಿಗೆ ತಂದುಕೊಂಡು ಒಂದೊಂದೇ ಎಲೆಯನ್ನು ಬೆಳಕಿಗೆ ಹಿಡಿಯುತ್ತಾರೆ. ಹುಳು ತಿಂದ ತೂತು, ಹಳದಿ ಅಂಚು, ಕೆಳಗೆ ಅಂಟಿದ ಮಣ್ಣು, ಯಾವುದೂ ಅವರ ತಪಾಸಣೆಯಿಂದ ಪಾರಾಗುವುದಿಲ್ಲ. ಎಳೆ ದಂಟು ಬಲಕ್ಕೆ, ಬಲಿತದ್ದು ನಾರು ಬಿಡಿಸಿ ಎಡಕ್ಕೆ. “ರೀ, ಅದೇನು ಒಡವೆ ತೂಗ್ತಿದ್ದೀರಾ? ಸಾರು ಇವತ್ತಿಗೆ ಬೇಕು, ನಾಳೆಗಲ್ಲ” ಎಂದು ಒಳಗಿನಿಂದ ದನಿ ಬರುತ್ತದೆ. ಅವರು ಅವಸರಿಸುವುದಿಲ್ಲ. ದಾರಿಯಲ್ಲಿ ಹೋಗುವವರು “ಏನ್ ಸಾರ್, ಇವತ್ತು ಬಸ್ಸಾರಾ?” ಎಂದು ನಿಲ್ಲುತ್ತಾರೆ, ಮಾತು ಸೊಪ್ಪಿನಿಂದ ಪಿಂಚಣಿಗೆ, ಪಿಂಚಣಿಯಿಂದ ಮೊಮ್ಮಗಳ ಹಲ್ಲಿಗೆ ಹೋಗುತ್ತದೆ.

ಮುಂದಿನದು ಒಳಗಿನ ಕೆಲಸ. ಸೊಪ್ಪು ಮತ್ತು ಬೇಳೆಯನ್ನು ಬೇಯಿಸಿ, ಕಟ್ಟನ್ನು ಬಸಿದು, ಬಾಣಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿ ಹುರಿದು, ಕಾಯಿ, ಹುಣಸೆಹಣ್ಣು ಮತ್ತು ಒಂದು ಹಿಡಿ ಬೆಂದ ಸೊಪ್ಪಿನೊಂದಿಗೆ ರುಬ್ಬಿ ಕಟ್ಟಿಗೆ ಬೆರೆಸಿದರೆ ಸಾರು. ಉಳಿದ ಸೊಪ್ಪು-ಬೇಳೆಗೆ ಒಗ್ಗರಣೆ ಬಿದ್ದರೆ ಪಲ್ಯ. ಎಸರಿಗೆ ರಾಗಿಹಿಟ್ಟು ಬಿದ್ದು, ಮುದ್ದೆಕೋಲು ತಿರುಗಿ, ಬಿಸಿ ಮುದ್ದೆ ತಟ್ಟೆಗೆ ಬರುವ ಹೊತ್ತಿಗೆ ಇಬ್ಬರೂ ಒಂದೇ ಕೆಲಸದಲ್ಲಿ ಇಡೀ ಬೆಳಗನ್ನು ಕಳೆದಿರುತ್ತಾರೆ. ಹಸಿವು ತಾನಾಗಿ ಬಂದಿರುತ್ತದೆ. “ಊಟ ಸೇರಲ್ಲ” ಎಂಬ ಮಾತು ಆ ಮನೆಯಲ್ಲಿ ಕೇಳಿ ಬಹಳ ದಿನವಾಯಿತು.

ಚಳಿಗಾಲದಲ್ಲಂತೂ ಅವರೆಕಾಯಿ ಇಡೀ ಬೀದಿಯನ್ನೇ ಕೆಲಸಕ್ಕೆ ಹಚ್ಚುತ್ತದೆ. ಸೊಗಡಿನ ಅವರೆಕಾಯಿ ಬಿಡಿಸಿದರೆ ಬೆರಳ ತುದಿಗೆ ಅಂಟುವ ಎಣ್ಣೆಯ ಘಮ ಸೋಪಿಗೂ ಜಗ್ಗುವುದಿಲ್ಲ. ಕಾಳನ್ನು ನೆನೆಹಾಕಿ ಹಿತಕಲು ಕೂತರೆ ಮೊಬೈಲ್ ಮುಟ್ಟುವಂತಿಲ್ಲ, ಕೈ ಒದ್ದೆ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದಾಗ ಬೇಳೆ ಪಾತ್ರೆಗೆ ಹಾರಬೇಕು. ಹೊಸಬರದು ಪಕ್ಕದವರ ಮಡಿಲಿಗೆ ಹಾರುತ್ತದೆ. ರಜಕ್ಕೆ ಬಂದ ಹುಡುಗರೂ ಅರ್ಧ ಗಂಟೆ ತಲೆಯೆತ್ತುವುದಿಲ್ಲ. ಮನಸ್ಸನ್ನು ಒಂದೆಡೆ ನಿಲ್ಲಿಸಲು ದುಡ್ಡು ಕೊಟ್ಟು ಆ್ಯಪ್ ಹಾಕಿಸಿಕೊಳ್ಳುವವರು ಒಂದು ಸೇರು ಅವರೆಕಾಳು ಹಿತಕಿ ನೋಡಬಹುದು. ಕೊನೆಗೆ ಸಾರಾದರೂ ಸಿಗುತ್ತದೆ.

ಇನ್ನು ಕಾಫಿಯ ವಿಷಯ. ಸಂಜೆ ಐದಕ್ಕೆ ಕುಡಿದ ಫಿಲ್ಟರ್ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧದಷ್ಟು ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ. ನಿದ್ದೆ ಹತ್ತದವರು ಆ ಲೋಟವನ್ನು ಬೆಳಗಿನ ಪಾಳಿಗೆ ವರ್ಗ ಮಾಡುವುದು ವಾಸಿ. ನರಸೀಪುರ ಕೆರೆಯ ಏರಿಯ ಮೇಲೆ ಬೆಳಗ್ಗೆ ಒಂದು ಸುತ್ತು ಹಾಕಿ ಬಂದರೆ ಆ ಕಾಫಿಗೆ ರುಚಿಯೂ ಹೆಚ್ಚು. ಬೆಳಗಿನ ಬಿಸಿಲು ಮಿದುಳಿನ ಗಡಿಯಾರವನ್ನು ಸರಿಪಡಿಸುತ್ತದೆ, ರಾತ್ರಿಯ ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ನನ್ನ ತೀರ್ಮಾನವೂ ಅಷ್ಟೇ: ತಟ್ಟೆಯಲ್ಲಿ ಸೊಪ್ಪೂ ಬೇಕು, ದಿನದಲ್ಲಿ ಸೊಪ್ಪು ಸೋಸುವ ಹೊತ್ತೂ ಬೇಕು. ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವ, ಸೋಸಿ ಹೆಚ್ಚಿಟ್ಟ ಪ್ಯಾಕೆಟ್ಟಿನಲ್ಲಿ ಮೊದಲನೆಯದಷ್ಟೇ ಇರುತ್ತದೆ. ಆದರೆ ಬಸ್ಸಾರಿಗೆ ಬಗ್ಗದ ಮಂಕೂ ಇದೆ. ಬಿ12 ಕೊರತೆ, ಥೈರಾಯ್ಡ್ ತೊಂದರೆಗಳೂ ಬೇಜಾರಿನ ವೇಷದಲ್ಲಿ ಬರುತ್ತವೆ, ಅದಕ್ಕೆ ರಕ್ತಪರೀಕ್ಷೆ ಬೇಕು. ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯದೆ, ವೈದ್ಯರ ಬಳಿ ಹೋಗಬೇಕು. ನಮ್ಮೂರಿನ ನಿಮ್ಹಾನ್ಸ್ ಮೇಲ್ವಿಚಾರಣೆಯಲ್ಲಿ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಸೊಪ್ಪಿನಕ್ಕನ ನಂಬರಿನ ಪಕ್ಕದಲ್ಲೇ ಅದನ್ನೂ ಬರೆದಿಟ್ಟುಕೊಳ್ಳಿ.