ಮೂರು ಪ್ರಹರದ ಪತಂಗಗಳು

ಅಮೇರಿಕದ ದಕ್ಷಿಣ ಕೆರೊಲಿನದ ತಗ್ಗುಸೀಮೆಯ ಕಾಡಿನಲ್ಲಿ ನಾವು ಕಂಡ ಪ್ರೊಮೀಥಿಯ ಪತಂಗವು ನಮ್ಮ ಟಸರ್ ರೇಷ್ಮೆಹುಳುವಿನ ಬಳಗದ್ದೇ. 1773ರಲ್ಲಿ ಡ್ರೂರಿ ಎಂಬ ಆಂಗ್ಲನು ಇದಕ್ಕೆ ಅಗ್ನಿಚೋರನಾದ ಗ್ರೀಕ್ ಪುರಾಣಪುರುಷನ ಹೆಸರನ್ನಿತ್ತನು. ಕಗ್ಗಪ್ಪಾದ ಗಂಡನ್ನು ಗುರುತಿಸುವುದು ಸುಲಭ. ತೊಡಕೆಲ್ಲ ಕೆಂಗಂದು ಹೆಣ್ಣಿನದು. ಟ್ಯೂಲಿಪ್ ಮರದ ಎಲೆ ತಿಂದು ಬೆಳೆಯುವುದೊಂದು, ಮ್ಯಾಗ್ನೋಲಿಯದ್ದೊಂದು, ಈ ಎರಡು ದಾಯಾದಿಗಳ ಹೆಣ್ಣುಗಳೂ ಹೆಚ್ಚುಕಡಿಮೆ ಅದೇ ರೂಪದವು.

ಆತಿಥೇಯರ ಮನೆಯಲ್ಲಿ ಗೂಡೊಡೆದು ಬಂದ ಹೆಣ್ಣೊಂದರ ಜಾತಿನಿರ್ಣಯವಾಗಬೇಕಿತ್ತು. ಅದು ಏನನ್ನೂ ಉಣ್ಣದು, ಆಯುಸ್ಸು ವಾರದಷ್ಟೇ. ತಡಮಾಡದೆ ಬಲೆಯ ಪಂಜರದಲ್ಲಿಟ್ಟು ಅಂಗಳದಲ್ಲಿ ತೂಗಹಾಕಿದರು. ಗಂಧದಿಂದ ಗಂಡನ್ನು ಕರೆಯುವ ವೇಳೆ ಮೂರಕ್ಕೂ ಬೇರೆ: ಮ್ಯಾಗ್ನೋಲಿಯದ್ದಕ್ಕೆ ಮಧ್ಯಾಹ್ನ, ಪ್ರೊಮೀಥಿಯಕ್ಕೆ ಅಪರಾಹ್ಣ, ಟ್ಯೂಲಿಪ್ ಮರದ್ದಕ್ಕೆ ರಾತ್ರಿ. ತ್ರಿಕಾಲಸಂಧ್ಯೆಯನ್ನು ಬಲ್ಲ ನಾವು ಈ ನಿಯಮವನ್ನು ಮೆಚ್ಚದಿರುವುದುಂಟೆ! ಮಧ್ಯಾಹ್ನ ಕಳೆಯಿತು, ಒಂದೂ ಬರಲಿಲ್ಲ. ನಾಲ್ಕು ಗಂಟೆ ಮೀರಿದ ಮೇಲೆ ಗಾಳಿಗೆದುರಾಗಿ ಕರಿಯ ಗಂಡೊಂದು ಹಾರಿಬಂದು ಬಲೆಗೆ ಬಡಿಯಿತು. ಅದರ ಹಿಂದೆ ಮತ್ತೆರಡು.