ಮನೆಯಳತೆಯ ದನಿ

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಹಣದ ವಿಷಯದಲ್ಲಿ ಎಲ್ಲರೂ ಬಲ್ಲರು. ದನಿಯ ವಿಷಯದಲ್ಲಿ ಬಲ್ಲವರು ವಿರಳ. ಮನೆ ಕಟ್ಟುವವನು ಕೋಣೆಗೆ ತಕ್ಕ ಬಾಗಿಲನ್ನಿಡಿಸುವನು, ಬಾಗಿಲಿಗೆ ತಕ್ಕ ಬೀಗವನ್ನು ತರುವನು. ಅದೇ ಮನುಷ್ಯನು ಆ ಕೋಣೆಗೆ ಸ್ಪೀಕರನ್ನು ತರಹೊರಟಾಗ ಮಾತ್ರ ಕೋಣೆಯನ್ನು ಮರೆತು, ಅಂಗಡಿಯಲ್ಲಿರುವುದರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೆಂದು ವಿಚಾರಿಸುವನು. ಹಿಂದೆ ಈ ಪ್ರಶ್ನೆಯು ಮದುವೆಯ ಚಪ್ಪರಕ್ಕೂ ಜಾತ್ರೆಯ ಗದ್ದೆಗೂ ಸೇರಿದ್ದಾಗಿತ್ತು. ಈಗ ತರುಣರು ತಮ್ಮ ಮನೆಯಲ್ಲಿಯೇ ‘ಡಿ.ಜೆ.’ಯವರ ವಿದ್ಯೆಯನ್ನು ಅಭ್ಯಾಸಮಾಡತೊಡಗಿರುವುದರಿಂದ ಅದು ಗೃಹಕೃತ್ಯದ ವಿಚಾರವಾಗಿ ಪರಿಣಮಿಸಿದೆ.

ಇದನ್ನು ವಿದ್ಯೆಯೆನ್ನಬಹುದೆ ಎಂದು ಹಿರಿಯರಲ್ಲಿ ಕೆಲವರು ಹುಬ್ಬೇರಿಸುವುದುಂಟು. ಹುಬ್ಬನ್ನಿಳಿಸಿ ನೋಡಿದರೆ, ಲಯಜ್ಞಾನವಿಲ್ಲದವನಿಗೆ ಅದರಲ್ಲಿ ಪ್ರವೇಶವೇ ಇಲ್ಲವೆಂಬುದು ತಿಳಿಯುವುದು. ಒಂದು ಹಾಡು ನಡೆಯುತ್ತಿರುವಾಗಲೇ ಇನ್ನೊಂದನ್ನೆತ್ತಿಕೊಂಡು, ಎರಡರ ಕಾಲವನ್ನೂ ಕೂಡಿಸಿ, ಕುಣಿಯುವವನ ಹೆಜ್ಜೆ ತಪ್ಪದಂತೆ ಮೊದಲನೆಯದನ್ನಿಳಿಸಿ ಎರಡನೆಯದನ್ನೇರಿಸಬೇಕು. ಅಭ್ಯಾಸಿಯು ಒಂದು ಕಿವಿಗೆ ಹೆಡ್‌ಫೋನನ್ನಿಟ್ಟು ಬರಲಿರುವ ಹಾಡನ್ನೂ, ಮತ್ತೊಂದು ಕಿವಿಯಿಂದ ಕೋಣೆಯಲ್ಲಿ ನಡೆಯುತ್ತಿರುವ ಹಾಡನ್ನೂ ಏಕಕಾಲದಲ್ಲಿ ಕೇಳುವನು. ಜಾಗಟೆ, ಮದ್ದಳೆ, ಚೆಂಡೆ ಮೂರೂ ಒಂದೇ ಲಯದಲ್ಲಿ ಸೇರುವುದನ್ನು ಕೇಳಿ ಬೆಳೆದ ತುಳುನಾಡಿನ ಕಿವಿಗೆ ಇದು ತೀರ ಪರಕೀಯವಾದ ಕೆಲಸವಲ್ಲ. ಈ ಕಲೆಯ ಒಂದು ಪ್ರಸಿದ್ಧವಾದ ಆರಂಭವೂ ಮನೆಗೆ ಸಮೀಪದ್ದೇ ಆಗಿದೆ. 1973ನೆಯ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ, ಜಮೈಕಾದಿಂದ ಬಂದ ಕ್ಲೈವ್ ಕ್ಯಾಂಪ್‌ಬೆಲ್ ಎಂಬ ತರುಣನು, ಮುಂದೆ ಕೂಲ್ ಹರ್ಕ್ ಎಂದು ಹೆಸರಾದವನು, ತನ್ನ ವಸತಿ ಕಟ್ಟಡದಲ್ಲಿದ್ದ ಕೂಟದ ಕೋಣೆಯಲ್ಲಿ ತಂಗಿಯ ಸಲುವಾಗಿ ಹಾಡುಗಳನ್ನು ನುಡಿಸಿದನು. ಹಿಪ್-ಹಾಪ್ ಎಂಬ ಸಂಗೀತದ ಹುಟ್ಟನ್ನು ಆ ಸಂಜೆಯಿಂದ ಎಣಿಸುವುದು ವಾಡಿಕೆ.

ಮಂಗಳೂರಿನ ಜೆಪ್ಪು ಎಂದೂ ಮೌನದ ಊರಾಗಿರಲಿಲ್ಲ. 1879ರಲ್ಲಿ ಸ್ಥಾಪಿತವಾದ ಸೈಂಟ್ ಜೋಸೆಫ್ ಸೆಮಿನರಿಯ ಘಂಟೆ, ನೆರೆಯ ಬೋಳಾರದ ಮಂಗಳಾದೇವಿಯ ಗುಡಿಯ ವಾದ್ಯ, ಮಹಾಕಾಳಿಪಡ್ಪಿನ ಕಡೆಯಿಂದ ಬರುವ ರೈಲಿನ ಕೂಗು, ಇವೆಲ್ಲ ಅಲ್ಲಿಯ ದಿನಚರಿಗೆ ಸೇರಿದವು. ಮದುವೆಯ ಮುನ್ನಾದಿನ ಕ್ರೈಸ್ತರ ಮನೆಗಳಲ್ಲಿ ರೋಸ್, ಇತರರ ಮನೆಗಳಲ್ಲಿ ಮದರಂಗಿ. ಎರಡಕ್ಕೂ ಈಗ ಡಿ.ಜೆ. ಬೇಕು. ಆದುದರಿಂದ ಆ ವಿದ್ಯೆಯನ್ನು ಕಲಿತವನಿಗೆ ಕೈಗೆ ನಾಲ್ಕು ಕಾಸು ಸಿಗುವ ಸಂಭವವೂ ಉಂಟು. ಆದರೆ ಘಂಟೆಗೂ ವಾದ್ಯಕ್ಕೂ ಹೊತ್ತುಗೊತ್ತುಗಳಿವೆ, ಊರಿನ ಒಪ್ಪಿಗೆಯಿದೆ. ಅಭ್ಯಾಸಕ್ಕೆ ಹೊತ್ತುಗೊತ್ತಿಲ್ಲ, ಒಂದೇ ಸಂಧಿಯನ್ನು ನೂರು ಬಾರಿ ತಿರುತಿರುಗಿಸಿ ನುಡಿಸುವುದೇ ಅದರ ಸ್ವಭಾವ. ಗೋಡೆಗೆ ಗೋಡೆ ತಗಲುವಂತಿರುವ ಕೇರಿಯಲ್ಲಿ ಇದರ ಭಾರವು ನೆರೆಯವರ ಮೇಲೆ ಬೀಳುವುದು.

ಅಲ್ಲಿಯ ತರುಣನೊಬ್ಬನ ಅನುಭವವು ಈ ವಿಷಯದಲ್ಲಿ ದೃಷ್ಟಾಂತಯೋಗ್ಯವಾಗಿದೆ. ಅವನ ಕೋಣೆಯ ಉದ್ದ ಹನ್ನೊಂದೂವರೆ ಅಡಿ, ಅಗಲ ಹತ್ತಡಿ. ಸ್ನೇಹಿತನಿಂದ ಎರವಲು ತಂದ ಆರೂವರೆ ಇಂಚಿನ ಸ್ಪೀಕರುಗಳೆರಡನ್ನು ಒಂದು ಗೋಡೆಯ ಬಳಿ ನಿಲ್ಲಿಸಿ, ಕೋಣೆಯ ನಟ್ಟನಡುವೆ ಮೇಜನ್ನಿಟ್ಟು ಅವನು ಅಭ್ಯಾಸಮಾಡುತ್ತಿದ್ದನು. ಹಾಡಿನ ತಾಳವನ್ನು ಹಿಡಿದು ನಿಲ್ಲಿಸುವ ತಗ್ಗಿನ ಗುದ್ದು, ‘ಬೇಸ್’ ಎಂದು ಎಲ್ಲರೂ ಹೇಳುವಂಥದು, ಅವನಿಗೆ ಕೇಳುತ್ತಲೇ ಇರಲಿಲ್ಲ. ಅದಕ್ಕಾಗಿ ದನಿಯನ್ನೇರಿಸಿದನು, ಏರಿಸಿದರೂ ಸಾಲದಾಯಿತು. ಇತ್ತ ಹಿಂದಣ ಗೋಡೆಯಾಚೆಯ ಮನೆಯ ಮುದುಕಿಯು ಒಂದು ದಿನ ಬೇಲಿಯ ಬಳಿ ನಿಂತು, “ನಿನ್ನ ಪದ್ಯ ನನಗೆ ಕೇಳುವುದೇ ಇಲ್ಲ ಮಗಾ, ಯಾರೋ ಗೋಡೆಗೆ ಒನಕೆಯಿಂದ ಕುಟ್ಟಿದ ಹಾಗೆ ಮಾತ್ರ ಕೇಳುತ್ತದೆ” ಎಂದಳು. ಆಕೆಯ ಗಂಡ ಹೃದ್ರೋಗದಿಂದ ಮಲಗಿದ್ದನು. ನುಡಿಸುವವನಿಗೆ ಗುದ್ದಿಲ್ಲ, ಮಲಗಿರುವವನಿಗೆ ಗುದ್ದಲ್ಲದೆ ಬೇರೇನೂ ಇಲ್ಲ! ತರುಣನು ಇದಕ್ಕೆ ಕಂಡ ಪರಿಹಾರವಾದರೋ ಹದಿನೈದು ಇಂಚಿನ ಸ್ಪೀಕರುಗಳನ್ನು ಕೊಳ್ಳುವುದಾಗಿತ್ತು.

ಈ ವೈಚಿತ್ರ್ಯಕ್ಕೆ ಕಾರಣವಿಲ್ಲದಿಲ್ಲ. ಶಬ್ದವು ಹುಟ್ಟಿದೆಡೆಯಿಂದ ಕಿವಿಗೆ ಬರುವ ಬಗೆಯನ್ನು ನಮ್ಮ ನೈಯಾಯಿಕರು ಎರಡು ಉಪಮಾನಗಳಿಂದ ವಿವರಿಸಿದರು. ನೀರಿನಲ್ಲಿ ತೆರೆಯಿಂದ ತೆರೆ ಹುಟ್ಟುವಂತೆಂಬುದು ವೀಚೀತರಂಗನ್ಯಾಯ. ಕದಂಬದ ಹೂವು ಎಲ್ಲ ಕಡೆಗೂ ಒಮ್ಮೆಗೇ ಬಿರಿಯುವಂತೆಂಬುದು ಕದಂಬಗೋಲಕನ್ಯಾಯ. ವಿಶ್ವನಾಥ ಪಂಚಾನನನ ‘ಭಾಷಾಪರಿಚ್ಛೇದ’ವನ್ನೋದಿದವರು ಎರಡನ್ನೂ ಬಲ್ಲರು. ಇಂದಿನ ಶಾಸ್ತ್ರವು ಇದಕ್ಕೆ ಅಳತೆಯನ್ನು ಕೂಡಿಸಿದೆ. ನಮ್ಮ ಕರಾವಳಿಯ ಬಿಸಿಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 345 ಮೀಟರು ಸಾಗುವುದು. ಸೆಕೆಂಡಿಗೆ 1000 ಸಲ ಕಂಪಿಸುವ ದನಿಯ ತೆರೆಯ ಉದ್ದ ಒಂದಡಿಗಿಂತ ತುಸು ಹೆಚ್ಚು. 50 ಸಲ ಕಂಪಿಸುವ ಗುದ್ದಿನ ತೆರೆಯೋ ಸುಮಾರು 7 ಮೀಟರು. ಮೇಲಿನ ದನಿಯು ದೀಪದ ಕಿರಣದಂತೆ ಮುಂದಕ್ಕೆ ಹೋಗಿ, ಪರದೆ ಹಾಸಿಗೆಗಳಲ್ಲಿ ಅಡಗುವುದು. ತಗ್ಗಿನ ದನಿಯು ಕದಂಬದ ಹೂವಿನಂತೆ ಎಲ್ಲ ಕಡೆಗೂ ಹರಡಿ ಗೋಡೆಗಳನ್ನೇ ಅಲುಗಿಸುವುದು.

ಹನ್ನೊಂದೂವರೆ ಅಡಿಯೆಂದರೆ ಮೂರೂವರೆ ಮೀಟರು. ಆ ಗುದ್ದಿನ ತೆರೆಯ ಅರ್ಧದಷ್ಟು. ಹೀಗೆ ಅರ್ಧ ತೆರೆಯು ಎರಡು ಗೋಡೆಗಳ ನಡುವೆ ಸರಿಯಾಗಿ ಹಿಡಿಸಿದಾಗ, ಗೋಡೆಗಳ ಬಳಿ ದನಿಯ ಒತ್ತಡವು ಉಬ್ಬಿ ನಡುವೆ ಬತ್ತಿಹೋಗುವುದು. ತರುಣನು ಕುಳಿತದ್ದು ಬತ್ತಿದ ಜಾಗದಲ್ಲಿ; ರೋಗಿಯು ಮಲಗಿದ್ದು ಉಬ್ಬಿದ ಗೋಡೆಯ ಮಗ್ಗುಲಲ್ಲಿ. ಹದಿನೈದು ಇಂಚಿನವನ್ನು ತಂದಿದ್ದರೂ ಬತ್ತಿದ್ದು ಬತ್ತಿಯೇ ಇರುತ್ತಿತ್ತು, ಉಬ್ಬಿದ್ದು ಇಮ್ಮಡಿಯಾಗುತ್ತಿತ್ತು. ಇದನ್ನು ಅವನಿಗೆ ತಿಳಿಸಿದವನು ಪುಸ್ತಕಪಂಡಿತನಲ್ಲ, ಮದುವೆಗಳಿಗೆ ಮೈಕ್‌ಸೆಟ್ಟು ಬಾಡಿಗೆಗೆ ಕೊಡುವ ಒಬ್ಬ ಅನುಭವಸ್ಥ. “ಮೊದಲು ಹಾಡು ಹಾಕಿ ಕೋಣೆಯಲ್ಲಿ ಒಂದು ಸುತ್ತು ನಡೆ ಮಾರಾಯ. ಮೇಜು ಸರಿಸಿ ನೋಡು. ಆಮೇಲೆ ದುಡ್ಡಿನ ಮಾತು” ಎಂದನು ಆತ. ಮೇಜನ್ನು ಸ್ಪೀಕರುಗಳ ಕಡೆಗೆ ಒಂದಡಿಗಿಂತ ತುಸು ಹೆಚ್ಚು ಸರಿಸಿದಾಗ ಕಾಣೆಯಾಗಿದ್ದ ಗುದ್ದು ಕೇಳಿಬಂದಿತು. ದನಿಯನ್ನು ಏರಿಸಬೇಕಾಗಿರಲಿಲ್ಲ, ಇಳಿಸಬೇಕಾಗಿತ್ತು. ಖರ್ಚು ಒಂದು ಕಾಸೂ ಆಗಲಿಲ್ಲ.

ಆ ಅನುಭವಸ್ಥನ ಮಾತಿನಲ್ಲಿರುವ ತತ್ತ್ವವು ಹೊಸದಲ್ಲ. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಭರತನು ಮನುಷ್ಯರ ನಾಟ್ಯಗೃಹಕ್ಕೆ 64 ಹಸ್ತ ಉದ್ದ, 32 ಹಸ್ತ ಅಗಲವನ್ನು ವಿಧಿಸಿ, ಅದಕ್ಕಿಂತ ಹಿರಿದಾಗಿ ಕಟ್ಟಬಾರದೆನ್ನುವನು. ಹಿರಿದಾದಲ್ಲಿ ಪಾಠವು ವಿಸ್ವರವಾಗುವುದೆಂಬುದು ಅವನು ಕೊಡುವ ಕಾರಣ. ಗಾಳಿಯ ಹೊಡೆತವಿಲ್ಲದೆ, ಬೆಟ್ಟದ ಗವಿಯಂತೆ ಅದು ಗಂಭೀರವಾಗಿ ಧ್ವನಿಸಬೇಕೆಂದೂ ಹೇಳಿದನು. ಮನೆಯೆಂಬುದು ದನಿಗೆ ಬರಿಯ ಡಬ್ಬಿಯಲ್ಲ, ವಾದ್ಯದ ಒಂದು ಅಂಗವೆಂಬ ತಿಳಿವಳಿಕೆ ಇಲ್ಲಿದೆ. ಭರತನು ದನಿಯನ್ನು ನೋಡಿ ಮನೆಯನ್ನು ಅಳೆದನು. ಕಟ್ಟಿದ ಮನೆಯಲ್ಲಿರುವವರು ಮನೆಯನ್ನು ನೋಡಿ ದನಿಯನ್ನು ಅಳೆಯಬೇಕು.

ಹಾಗಾದರೆ ಕೊಳ್ಳತಕ್ಕದ್ದು ಏನನ್ನು? ಹತ್ತು ಹನ್ನೆರಡು ಅಡಿಯ ಕೋಣೆಗೆ ಐದರಿಂದ ಆರೂವರೆ ಇಂಚಿನ ಒಂದು ಜೋಡಿ ಮಾನಿಟರ್ ಸ್ಪೀಕರುಗಳು ಸಾಕು. ದೊಡ್ಡ ಚಾವಡಿಯಿದ್ದರೆ ಎಂಟು ಇಂಚಿನವು. ಅವುಗಳೊಳಗೇ ಆಂಪ್ಲಿಫೈಯರ್ ಇರುವ ಜಾತಿಯದನ್ನು ಆರಿಸಿದರೆ ಬೇರೆ ಪೆಟ್ಟಿಗೆಯ ತಾಪತ್ರಯ ತಪ್ಪುವುದು. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬವರು ರೂಪಕೊಟ್ಟ, ಸುರುಳಿಯಿಂದ ಅಲುಗುವ ಕೋನಿನ ವಿಧಾನವೇ ಇಂದಿಗೂ ಹೆಚ್ಚಿನ ಸ್ಪೀಕರುಗಳಲ್ಲಿ ನಡೆದುಬಂದಿದೆ. ಕೋನು ಅಗಲವಾದಷ್ಟೂ ಅದು ಹೆಚ್ಚು ಗಾಳಿಯನ್ನು ತಳ್ಳಬಲ್ಲುದು. ತಳ್ಳಿದ ಗಾಳಿಗೆ ಕೋಣೆಯಲ್ಲಿ ಎಡೆಯಿರಬೇಕಷ್ಟೆ. ಹನ್ನೆರಡು ಹದಿನೈದು ಇಂಚಿನವು ಚಪ್ಪರಕ್ಕೆ ಹುಟ್ಟಿದವು. ದೂರದವರಿಗೆ ಕೇಳಿಸುವುದು ಅವುಗಳ ಧರ್ಮ. ವಾಟ್‌ಗಳ ಲೆಕ್ಕಕ್ಕೂ ಮರುಳಾಗಬಾರದು. ಐವತ್ತು ವಾಟನ್ನು ನೂರು ಮಾಡಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿಯೆನಿಸಬೇಕಾದರೆ ವಾಟು ಸುಮಾರು ಹತ್ತು ಪಟ್ಟಾಗಬೇಕು.

ತಂತಿಯಿಲ್ಲದ ಬ್ಲೂಟೂತ್ ಸ್ಪೀಕರು ಈ ಅಭ್ಯಾಸಕ್ಕೆ ಒದಗದು. ಅದರಲ್ಲಿ ದನಿಯು ಸೆಕೆಂಡಿನ ಹತ್ತನೆಯ ಒಂದು ಪಾಲು, ಕೆಲವೊಮ್ಮೆ ಐದನೆಯ ಒಂದು ಪಾಲು ತಡವಾಗಿ ಬರುವುದು. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಪೆಟ್ಟಿನಿಂದ ಪೆಟ್ಟಿಗೆ ಅರ್ಧ ಸೆಕೆಂಡು. ಅಷ್ಟರಲ್ಲಿ ಇಷ್ಟು ತಡವಾದರೆ ಎರಡು ಕಿವಿಗಳಿಗೆ ಎರಡು ಲೋಕ. ತಂತಿಯಲ್ಲಿಯೂ ಸುತ್ತಣ ವಿದ್ಯುತ್ತಿನ ಗುಂಯ್‌ಕಾರವನ್ನು ತಡೆಯುವ ‘ಬ್ಯಾಲೆನ್ಸ್ಡ್’ ಜಾತಿಯದು ಮೇಲು. ಸ್ಪೀಕರುಗಳೆರಡೂ ಕೇಳುವವನ ತಲೆಯೂ ಸಮತ್ರಿಭುಜದ ಮೂರು ಮೂಲೆಗಳಂತಿರಬೇಕು. ಮೇಲಿನ ದನಿಯ ಚಿಕ್ಕ ಕೋನು ಕಿವಿಯ ಮಟ್ಟದಲ್ಲಿರಬೇಕು. ಕೋಣೆಯ ಮೂಲೆಗೆ ತಳ್ಳಿದಷ್ಟೂ ಗುದ್ದು ಉಬ್ಬುವುದು. ಕೆಳಗೆ ದಪ್ಪ ರಬ್ಬರನ್ನೋ ಫೋಮನ್ನೋ ಇಟ್ಟರೆ ಮೇಜು ನಡುಗದು. ಎಲ್ಲಕ್ಕಿಂತ ಮುಖ್ಯವಾಗಿ, ಕೊಳ್ಳುವ ಮೊದಲು ಎರವಲಾದರೂ ತಂದು ಸ್ವಂತ ಕೋಣೆಯಲ್ಲಿ ಕೇಳತಕ್ಕದ್ದು. ಅಂಗಡಿಯಲ್ಲಿ ಕೇಳಿದ್ದರಲ್ಲಿ ಅರ್ಧ ಅಂಗಡಿಯ ಕೋಣೆಯೇ ಆಗಿರುವುದು.

ಜೆಪ್ಪುವಿನಂಥ ಸ್ಥಳಕ್ಕೆ ಇನ್ನೂ ಕೆಲವು ವಿಶೇಷಗಳುಂಟು. ಹತ್ತೊಂಬತ್ತನೆಯ ಶತಮಾನದ ಅರುವತ್ತರ ದಶಕದಲ್ಲಿ ಬಾಸೆಲ್ ಮಿಶನಿನವರು ನೇತ್ರಾವತಿಯ ದಡದ ಈ ಭಾಗದಲ್ಲಿಯೇ ಹಂಚಿನ ಕೈಗಾರಿಕೆಯನ್ನು ಆರಂಭಿಸಿದರು. ಮಂಗಳೂರು ಹಂಚಿನ ಹೆಸರು ದೇಶಾಂತರಕ್ಕೂ ಹೋಯಿತು. ಆ ಹಂಚಿನ ಮಾಡು ಸೆಕೆಯನ್ನು ಹೊರಬಿಡುವುದಕ್ಕೆ ಅತಿಶಯವಾದದ್ದು. ಹಂಚುಹಂಚಿನ ಎಡೆಯಿಂದ ಗಾಳಿಯಾಡುವಲ್ಲಿ ಶಬ್ದವೂ ಆಡುವುದು. ಕೆಂಪುಕಲ್ಲಿನ ದಪ್ಪ ಗೋಡೆಯನ್ನು ನಂಬಿ ಮಾಡನ್ನು ಮರೆತರೆ ಫಲವಿಲ್ಲ. ಮರದ ಮುಚ್ಚಿಗೆಯಿರುವ ಕೋಣೆಯಿದ್ದರೆ ಅದನ್ನೇ ಆರಿಸುವುದು ಲೇಸು. ಗೋಡೆಗೆ ಮೊಟ್ಟೆಯ ಟ್ರೇಗಳನ್ನಂಟಿಸುವವರಿದ್ದಾರೆ. ಅವು ಮೇಲಿನ ದನಿಯನ್ನು ತುಸು ಮೆತ್ತಗಾಗಿಸುವುವೇ ಹೊರತು ಗುದ್ದನ್ನು ತಡೆಯಲಾರವು. ಇನ್ನು ಕೋನಿನ ಅಂಚು ಫೋಮಿನದಾದರೆ ಕರಾವಳಿಯ ತೇವದಲ್ಲಿ ಬೇಗನೆ ಪುಡಿಯಾಗುವುದು, ರಬ್ಬರಿನದಾದರೆ ಬಾಳುವುದು. ಪತ್ತನಾಜೆಯ ಸುಮಾರಿಗೆ ಸಿಡಿಲಿನ ಕಾಲದಲ್ಲಿ ಪ್ಲಗ್ಗನ್ನು ಕಿತ್ತಿಡುವುದು, ಅರ್ತಿಂಗ್ ಸರಿಯಿದೆಯೆ ಎಂದು ಬಲ್ಲವರಿಂದ ನೋಡಿಸುವುದು, ಇವು ಸಣ್ಣ ಜಾಗ್ರತೆಗಳಾದರೂ ದೊಡ್ಡ ನಷ್ಟವನ್ನು ತಪ್ಪಿಸುವುವು.

ಕಾನೂನೂ ಸುಮ್ಮನಿಲ್ಲ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಯ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬೆಲ್ ಎಂಬುದು ಮಿತಿ. ಖಾಸಗಿ ಯಂತ್ರದ ಸದ್ದು ಮನೆಯ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು. ಆದರೆ ಈ ಅಳತೆಯು ಮನುಷ್ಯನ ಕಿವಿಯ ಸ್ವಭಾವವನ್ನನುಸರಿಸಿ ತಗ್ಗಿನ ದನಿಯನ್ನು ಬಹಳ ಕಡಿಮೆಯಾಗಿ ಎಣಿಸುವುದು. ಆದುದರಿಂದ ಮಾಪಕವು ಒಪ್ಪಿದರೂ ನೆರೆಮನೆಯ ನಿದ್ರೆ ಒಪ್ಪದಿರಬಹುದು. ಗೋಡೆಯಾಚೆಯವರನ್ನು ಹೋಗಿ ಕೇಳುವುದೇ ಇಲ್ಲಿ ಉತ್ತಮವಾದ ಮಾಪಕ. ಅಭ್ಯಾಸಿಯ ಸ್ವಂತ ಕಿವಿಗೂ ಮಿತಿಯುಂಟು: ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ ಕೇಳಬಹುದೆನ್ನುವ ವಿಶ್ವ ಆರೋಗ್ಯ ಸಂಸ್ಥೆಯು 90ಕ್ಕೇರಿದರೆ 4 ಗಂಟೆಯನ್ನಷ್ಟೇ ಕೊಡುತ್ತದೆ. ಲಯವನ್ನು ಹಿಡಿಯುವ ಕಿವಿಯೇ ಹೋದಮೇಲೆ ಯಾವ ಸ್ಪೀಕರಿದ್ದು ಏನು?

ದನಿಯು ಆಕಾಶದ ಗುಣವೆಂದರು ಹಿರಿಯರು. ಆಕಾಶಕ್ಕೆ ಬೇಲಿಯಿಲ್ಲ, ತನ್ನ ಕೋಣೆಯೊಳಗಿನ ಆಕಾಶ, ನೆರೆಯವನ ಕೋಣೆಯೊಳಗಿನ ಆಕಾಶ ಎಂದು ಹಂಚಿಕೊಳ್ಳುವುದು ಕಾಗದಪತ್ರದಲ್ಲಿ ಮಾತ್ರ ಸಾಧ್ಯ. ಹೀಗಿರುವಲ್ಲಿ ಕಿರಿಯರ ಕಲಿಕೆಯನ್ನು ಗದರಿಸಿ ನಿಲ್ಲಿಸುವುದು ನ್ಯಾಯವಲ್ಲ, ರೋಗಿಯ ಎದೆಯ ಮೇಲೆ ಒನಕೆ ಕುಟ್ಟುವುದೂ ನ್ಯಾಯವಲ್ಲ. ಎರಡರ ನಡುವೆ ದಾರಿಯಿದೆ. ಅದು ಅನೇಕ ವೇಳೆ ಅಂಗಡಿಯವರೆಗೆ ಹೋಗುವ ದಾರಿಯಲ್ಲ, ಮೇಜನ್ನು ಒಂದಡಿ ಸರಿಸುವಷ್ಟೇ ದೂರದ್ದು.